ಗೂಡಿನಲ್ಲಿ ಕೂತವಳು

ಟಿವಿಯ ಹಿಂದಿನ ತಂತಿಗಳನ್ನು ಬಿಚ್ಚುತ್ತಿದ್ದ ಮೃತ್ಯುಂಜಯ, ಕೊನೆಯದೊಂದು ಬಿಚ್ಚಿಕೊಳ್ಳದೆ ಹೋದಾಗ ಟಿವಿಯನ್ನು ಎದೆಗೊತ್ತಿಕೊಂಡು ಹಾಗೇ ನಿಂತ. ಅಪ್ಪನನ್ನು ಕೂರಿಸಲು ನಡುಮನೆಯಲ್ಲಿ ಬಾಗಿಲು ಕಿಟಕಿ ಇಲ್ಲದ ಗೋಡೆ ಅದೊಂದೇ. ಅಕ್ಕ ಆಶಾ ಬಗ್ಗಿ ತಂತಿಯನ್ನು ಗೋಡೆಯ ಕಡೆಯಿಂದ ಕಿತ್ತಳು.

"ಅಂಗಡೀಲಿ ಇಡಪ್ಪ. ಮುಖ ಆಕಡೆ ತಿರುಗ್ಸು," ಎಂದರು ತಾಯಿ ಸುಲೋಚನಮ್ಮ. "ಬಂದೋರು ಅವರನ್ನ ಬಿಟ್ಟು ಅದನ್ನೇ ನೋಡ್ತಾ ಕೂತ್ಕಂಡಾರು."

ಕುಂದೂರಿನ ದಿನಸಿ ಅಂಗಡಿ ಮಹಾದೇವಯ್ಯ ಹಿಂದಿನ ದಿನ ಊಟ ಮುಗಿಸಿ, ಗಲ್ಲಾದ ಮುಂದೆ ಕೂತಲ್ಲೇ ತೀರಿಕೊಂಡಿದ್ದರು. ಈಗ ಅವರನ್ನು ಮಣೆಯ ಮೇಲೆ ಪದ್ಮಾಸನದಲ್ಲಿ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು ಗೋಡೆಗೆ ಒರಗಿಸಿದರು. ಹಣೆಗೆ, ತೋಳಿಗೆ ವಿಭೂತಿ ಬಳಿದರು. ಎಡ ಅಂಗೈಯಲ್ಲಿ ಲಿಂಗವಿಟ್ಟರು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಯಾರಿಗೂ ತೊಂದರೆ ಕೊಡದೆ ಹೋದ ಪುಣ್ಯಾತ್ಮ. ಆಶಾ ಮಾತ್ರ ತಂದೆಯ ಮುಚ್ಚಿದ ರೆಪ್ಪೆಗಳನ್ನು ನೋಡುತ್ತ ಕೂತಳು. ಒಂದು ಚಿಂತೆಯನ್ನು ಜೊತೆಗಿಟ್ಟುಕೊಂಡೇ ಹೋದರೇನೋ ಎಂಬುದು ಅವಳ ಸಂಕಟ. ಆ ಚಿಂತೆಯನ್ನು ಒಂದೇ ಮಾತಿನಲ್ಲಿ ನೀಗಿಸುವುದು ತನ್ನ ಕೈಯಲ್ಲಿತ್ತು.

*

ಶುಕ್ರವಾರ ರಾತ್ರಿ ಎಂಟಾದ ಮೇಲೆ ಮಹಾದೇವಯ್ಯ ಏನನ್ನೂ ತೂಗುತ್ತಿರಲಿಲ್ಲ. ಆ ಹೊತ್ತಿಗೆ ಟಿವಿಯಲ್ಲಿ ಕನ್ನಡಕ್ಕೆ ಡಬ್ ಆದ 'ಏಳನೇ ಕಕ್ಷೆ' ಎಂಬ ಬಾಹ್ಯಾಕಾಶದ ಧಾರಾವಾಹಿ ಬರುತ್ತಿತ್ತು. ಸಕ್ಕರೆಗೆ ಬಂದವರು ಒಳಗೆ ಬಂದು ಕೂತು ನೋಡಬೇಕು, ಇಲ್ಲವೇ ಮನೆಗೆ ಹೋಗಬೇಕು. ಧಾರಾವಾಹಿಯ ಮೇಲೆ ಅವರಿಗೆ ದೂರುಗಳಿಗೇನೂ ಕಡಿಮೆ ಇರಲಿಲ್ಲ. ಗಾಳಿಯೇ ಇಲ್ಲದ ಕಡೆ ಸ್ಫೋಟದ ಸದ್ದು ಹೇಗೆ ಕೇಳುತ್ತದೆ? ಅಷ್ಟು ದೊಡ್ಡ ನೌಕೆಯ ಕಸ ಗುಡಿಸುವವರು ಯಾರು? ಸಕಲೇಶಪುರದಲ್ಲಿದ್ದ ಆಶಾಳಿಗೆ ಫೋನ್ ಮಾಡಿ ಇದನ್ನೆಲ್ಲ ಒಪ್ಪಿಸುವಷ್ಟರಲ್ಲಿ ಕಂತಿಗಿಂತ ಹೆಚ್ಚು ಹೊತ್ತಾಗುತ್ತಿತ್ತು. ದೂರಿಲ್ಲದ ಪಾತ್ರ ಒಂದೇ, ನೌಕೆಗೆ ದಾರಿ ಹೇಳುವ ಮುದುಕಿ ಓರಾ.

ಕಳೆದ ಶುಕ್ರವಾರದ ಕಂತಿನಲ್ಲಿ ಓರಾ ಗಾಳಿಯಿಲ್ಲದ ಗ್ರಹವೊಂದರಲ್ಲಿ ಒಬ್ಬಳೇ ಉಳಿದುಹೋದಳು. ಸಿಲಿಂಡರಿನಲ್ಲಿ ಆಮ್ಲಜನಕ ಮುಗಿಯುತ್ತ ಬಂದಿತ್ತು. ಕೊನೆಯ ದೃಶ್ಯದಲ್ಲಿ ಅವಳು ಬಂಡೆಯ ಗೂಡೊಂದರಲ್ಲಿ ಕಾಲು ಮಡಚಿ, ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂತಿದ್ದಳು. ಮೈ ಅಲುಗಾಡದಷ್ಟೂ ಉಸಿರು ಉಳಿಯುತ್ತದೆ ಎಂಬ ಲೆಕ್ಕ ಆಶಾಳಿಗೆ ಹೊಳೆಯಿತು. ಮುಂದಿನ ಕಂತು ಆ್ಯಪ್‌ನಲ್ಲಿ ಆಗಲೇ ಬಂದಿದ್ದರಿಂದ ತಡೆಯಲಾರದೆ ಅದನ್ನೂ ನೋಡಿಬಿಟ್ಟಳು. ಮುಗಿಯುವ ಹೊತ್ತಿಗೆ ಅಪ್ಪನ ಫೋನ್ ಬಂತು.

"ಮುಗೀತಲ್ಲೇ ಅವಳ ಕತೆ," ಎಂದರು. "ಗೂಡಲ್ಲಿ ಕೂರ್ಸ್‌ಬುಟ್ರಲ್ಲ."

ಸತ್ತವರನ್ನು ಗುಣಿಯ ಗೂಡಿನಲ್ಲಿ ಕೂರಿಸಿಯೇ ಮಣ್ಣು ಮಾಡುವ ಮನೆಯವರು. ಹಾಗೆ ಕೂತವಳನ್ನು ಕಂಡು ಬೇರೇನು ಅಂದುಕೊಂಡಾರು? ಆಶಾಳಿಗೆ ನಗು ಬಂತು.

"ನಗ್ಬೇಡ. ನಿಂಗೆ ಗೊತ್ತಿದ್ರೆ ಹೇಳ್‌ಬುಡು. ಬದುಕ್ತಾಳಾ?"

ಮೊದಲು ನೋಡಿದವರು ಇನ್ನೊಬ್ಬರಿಗೆ ಹೇಳಕೂಡದು ಎಂಬ ಕಟ್ಟಳೆ ಅವರದೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರು ಅದನ್ನು ಮುರಿದವರಲ್ಲ. "ಮುಂದಿನ ಶುಕ್ರವಾರ ಗೊತ್ತಾಗುತ್ತೆ ಬಿಡಪ್ಪ," ಎಂದಳು. "ಆಗ್ಲಿ ಬುಡು," ಎಂದವರು, ಒಂದು ದೂರನ್ನೂ ಹೇಳದೆ ಫೋನ್ ಇಟ್ಟರು. ಆ ರಾತ್ರಿ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದರೆಂದು ಅಮ್ಮ ಮರುದಿನ ಹೇಳಿದ್ದರು.

*

ಮನೆಯ ಹಿಂದಿನ ಕಾಫಿ ಗಿಡಗಳಾಚೆ ಗುಣಿ ತೋಡಿ, ಒಳಬದಿಯಲ್ಲಿ ಗೂಡು ಕೊರೆಯುತ್ತಿದ್ದರು. ಆಶಾ ಅದನ್ನೇ ನೋಡುತ್ತ ನಿಂತಿದ್ದಳು. ಪಕ್ಕಕ್ಕೆ ಕೆಂಚಯ್ಯ ಬಂದ. ಎಸ್ಟೇಟಿನ ಸ್ಟೋರ್ ನೋಡಿಕೊಂಡಿದ್ದು ನಿವೃತ್ತನಾದ ಮೇಲೆ ಹಗಲೆಲ್ಲ ಮಹಾದೇವಯ್ಯನವರ ಅಂಗಡಿಯಲ್ಲೇ ಇರುತ್ತಿದ್ದ ಗೆಳೆಯ.

"ಕೆಂಚಣ್ಣ, ಅಪ್ಪ ಈ ವಾರವೆಲ್ಲ ಆ ಓರಾನ ಚಿಂತೇಲೇ ಇದ್ರಾ?" ಎಂದು ಕೇಳಿದಳು. ಅವರು ಕೇಳಿದಾಗ, ಗೊತ್ತಿದ್ದೂ ತಾನು ಹೇಳಲಿಲ್ಲವೆಂಬುದನ್ನೂ ಹೇಳಿದಳು.

ಕೆಂಚಯ್ಯ ಅವಳ ಮುಖವನ್ನೊಮ್ಮೆ, ಮನೆಯ ಕಡೆಯೊಮ್ಮೆ ನೋಡಿದ. "ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ದ ಕಣವ್ವ. ಇನ್ನೇನು, ಹೇಳ್ತೀನಿ. ಮುಂದಿನ ಕಂತನ್ನ ನಾವು ಮಂಗಳವಾರವೇ ನೋಡ್‌ಬುಟ್ವಿ."

ಕೆಂಚಯ್ಯನ ಫೋನನ್ನು ತಕ್ಕಡಿಗೆ ಒರಗಿಸಿಟ್ಟು, ಅಕ್ಕಿ ಮೂಟೆಗಳ ಹಿಂದೆ ಕೂತು ನೋಡಿದ್ದರಂತೆ. ಓರಾ ಸುಮ್ಮನೆ ಕೂತಿದ್ದಾಳೆ ಎಂದು ಇವನು, ಸಮಾಧಿಯಾಗಿದೆ ಎಂದು ಅವರು, ಅದಕ್ಕೂ ಮೊದಲು ಮೂರು ದಿನ ಜಗಳ. "ನಾವು ಸುಡೋ ಜನ, ನಂಗೇನು ಗೊತ್ತು? ನೀವು ಕೂರ್ಸೋ ಜನ, ಕೂತೋರೆಲ್ಲ ಸತ್ತಂಗೆ ಕಾಣ್ತಾರೆ ಅಂದೆ. ಅವ್ಳು ಕಣ್ಣು ಬಿಟ್ಲು ನೋಡು, ನಿಮ್ಮಪ್ಪ ಎದ್ದೇ ನಿಂತ. ಅಳ್ತಾ ನಗ್ತಾ, ಗಿರಾಕಿಗೆ ಅಂತ ಒಡೆದಿಟ್ಟಿದ್ದ ಬೆಲ್ಲ ತಗಂಡು ನನ್ನ ಬಾಯಿಗೆ ತುರುಕ್ದ."

ಆಶಾ ಹೊಸಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟಳು. "ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಮಗಳು ಕಷ್ಟಪಟ್ಟು ಬಾಯಿ ಕಟ್ಕಂಡವ್ಳೆ, ಶುಕ್ರವಾರ ನಾನು ಬೆಚ್ಚಿಬಿದ್ರೆ ಅವ್ಳಿಗೆ ಖುಷಿ ಅಂದ. ಅದಕ್ಕೆ ಅಭ್ಯಾಸ ಬೇರೆ. 'ಅಯ್ಯೋ ಆಶಾ, ಕಣ್ಣು ಬಿಟ್ಲು ಕಣೇ!' ಮೊದಲು ಭಾಷಣ ಮಾಡ್ದಂಗಿತ್ತು. ಹಿಂಗಲ್ಲ ಮಾರಾಯ, ಇನ್ನೊಂದ್ಸಲ ಅಂದೆ. ನೆನ್ನೆ ಬೆಳಗ್ಗೆಗೆ ಚೆನ್ನಾಗಿ ಬಂತು."

ಆಶಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುಣಿಯೊಳಗಿನವರು ಅಳುತ್ತಿದ್ದಾಳೆಂದು ತಿಳಿದು ಗುದ್ದಲಿ ನಿಲ್ಲಿಸಿದರು. ಕೆಂಚಯ್ಯ ಅವರಿಗೆ ಕೈಸನ್ನೆ ಮಾಡಿದ, ಕೆಲಸ ಮುಂದುವರಿಯಿತು.

ಮಧ್ಯಾಹ್ನ ಮೃತ್ಯುಂಜಯನೇ ಗುಣಿಗಿಳಿದು ಅಪ್ಪನನ್ನು ಗೂಡಿನಲ್ಲಿ ಕೂರಿಸಿದ. ಒಂದು ಕಡೆಗೆ ವಾಲಿದ ತಲೆಯನ್ನು ನೆಟ್ಟಗೆ ಮಾಡಿದ. ಅಯ್ಯನವರು ಮಂತ್ರ ಹೇಳುತ್ತ ವಿಭೂತಿ ಗಟ್ಟಿಗಳನ್ನು ಇಡಿಸಿದರು. ಆಶಾ ಮೇಲಿನಿಂದ ಪತ್ರೆ ಹಾಕಿದಳು. ಬೆಳಗಿನಿಂದ ಅಳುಕುತ್ತಲೇ ನೋಡಿದ್ದ ಆ ರೆಪ್ಪೆಗಳನ್ನು ಈಗ ಅಳುಕಿಲ್ಲದೆ ನೋಡಿದಳು.

*

ಅಂದು ಶುಕ್ರವಾರ. ಸಂಜೆ ಪಕ್ಕದ ಮನೆಯವರು ತಂದ ಅನ್ನಸಾರು ಉಂಡಾಯಿತು. ಎಂಟು ಹೊಡೆಯುವ ಮುಂಚೆ ಕೆಂಚಯ್ಯ ಬಂದು ಬಾಗಿಲಲ್ಲಿ ನಿಂತ. ಟಿವಿಯಿಲ್ಲದ ಗೋಡೆಯ ಕಡೆ ನೋಡಿದ.

"ತಂದಿಡು," ಎಂದು ಸುಲೋಚನಮ್ಮ ಮಗನಿಗೆ ಹೇಳಿದರು. ಅವನು ಅನುಮಾನಿಸಿದಾಗ, "ನಮಗೆ ಸೂತಕ ಇಲ್ಲ ಅಂತ ಅಯ್ಯನೋರೇ ಹೇಳ್ತಾರಲ್ಲ," ಎಂದರು.

ಟಿವಿ ಮತ್ತೆ ತನ್ನ ಜಾಗಕ್ಕೆ ಬಂತು. ಅದರ ಮೇಲುಗಡೆ, ಮಹಾದೇವಯ್ಯ ತಲೆಯೊರಗಿಸಿದ್ದಲ್ಲಿ, ಗೋಡೆಗೆ ವಿಭೂತಿಯ ಬೆಳ್ಳನೆಯ ಗುರುತು ಮೆತ್ತಿತ್ತು. ಒರೆಸಲು ಮೃತ್ಯುಂಜಯ ತಂದ ಬಟ್ಟೆಯನ್ನು ಸುಲೋಚನಮ್ಮ ಇಸಕೊಂಡು ಮಡಿಲಲ್ಲಿಟ್ಟುಕೊಂಡರು.

ಬಂಡೆಯ ಗೂಡು. ಕಣ್ಣು ಮುಚ್ಚಿ ಕೂತ ಮುದುಕಿ. ಸಕ್ಕರೆಗೆ ಬರುತ್ತಿದ್ದವರು ನಾಲ್ಕು ಜನ ಚಾಪೆಯ ಮೇಲೆ ಉಸಿರು ಹಿಡಿದು ಕೂತಿದ್ದರು. ಓರಾಳ ರೆಪ್ಪೆ ನಡುಗಿತು.

"ಅಯ್ಯೋ ಅಪ್ಪಾ," ಎಂದು ಆಶಾ ಎದೆಯ ಮೇಲೆ ಕೈಯಿಟ್ಟುಕೊಂಡಳು, "ಕಣ್ಣು ಬಿಟ್ಲು ಕಣಪ್ಪ!"

ಕೆಂಚಯ್ಯ ತಲೆಯಾಡಿಸಿದ. "ಹಿಂಗಲ್ಲ ಕಣವ್ವ," ಎಂದು ಮೆಲ್ಲಗೆ ಹೇಳಿ, ಅಂಗಡಿಯ ಡಬ್ಬಿಯಿಂದ ತಂದಿದ್ದ ಬೆಲ್ಲದ ಚೂರೊಂದನ್ನು ಅವಳ ಅಂಗೈಯಲ್ಲಿಟ್ಟ. ಟಿವಿಯ ಬೆಳಕಿಗೆ ಗೋಡೆಯ ಮೇಲಿನ ಬಿಳಿ ಗುರುತು ಮಂಕಾಗಿ, ಮತ್ತೆ ಹೊಳೆಯುತ್ತಿತ್ತು.