ಹರಿದ ಗಲೀಫು

“ಹತ್ತಿ ಕೊಡ್ರಮ್ಮ, ಅಳೋದು ಆಮೇಲೆ ಇದ್ದೇ ಐತೆ,” ಎಂದು ಪರದೆಯ ಆಚೆಯಿಂದ ಕೈಯೊಂದು ಚಾಚಿತು. ಗಂಡಸರು ಒಳಗೆ ಗನಿಸಾಬನ ಮೈಯತ್ ತೊಳೆಯುತ್ತಿದ್ದರು. ತಾಜ್‌ಬೀ ಗಂಡನ ಚೀಲಕ್ಕೆ ಕೈಹಾಕಿ ಒಂದು ಹಿಡಿ ಹತ್ತಿ ತೆಗೆದಳು. ಅದರಲ್ಲಿ ಸಿಕ್ಕಿಕೊಂಡಿದ್ದ ಸಿಪ್ಪೆಯ ಚೂರುಗಳನ್ನು ಆರಿಸಿ ತೆಗೆದೇ ಕೊಟ್ಟಳು. ಸವಳಂಗದ ಸುತ್ತ ಗನಿಸಾಬ ಹೊಲಿದ ಗಾದಿಯ ಮೇಲೆ ಮಲಗದ ಮದುಮಕ್ಕಳು ಕಡಿಮೆ. ಅವನ ಹತ್ತಿಯಲ್ಲಿ ಕಸವಿತ್ತು ಎಂಬ ಮಾತು ಕೊನೆಗಾಲಕ್ಕೆ ಬರಬಾರದು. ಬರುವ ಮಾತು ಬೇರೆಯೇ ಇತ್ತು. ಅದು ಅವಳಿಗೂ ಗೊತ್ತಿತ್ತು.

ಅಂಗಳದ ಬೇವಿನ ಬುಡದಲ್ಲಿ ಚಹಾದಂಗಡಿಯ ಗಿಡ್ಡಪ್ಪ ಟವೆಲನ್ನು ಬಾಯಿಗೊತ್ತಿಕೊಂಡು ನಿಂತಿದ್ದ. ತಾಜ್‌ಬೀ ಬಾಗಿಲಿಗೆ ಬಂದದ್ದೇ ತಡ, ತಡೆಯಲಾರದೆ ಹೇಳಿಬಿಟ್ಟ.

“ನಿನ್ನೆ ಬಸ್‌ಸ್ಟ್ಯಾಂಡ್ ಹತ್ರ ಬಿದ್ದಿದ್ದನ್ನ ನಾನೇ ಮೊದ್ಲು ನೋಡಿದ್ದು ತಾಜಮ್ಮ. ಎಬ್ಬಿಸಬೇಕಿತ್ತು. ಇಳೀಲಿ, ಆಮೇಲೆ ತಾನೇ ಎದ್ದು ಬರ್ತಾನೆ ಅಂದ್ಕಂಡೆ.”

“ಏನು ಇಳೀಬೇಕಿತ್ತು, ಗಿಡ್ಡಪ್ಪಣ್ಣ?”

ಗಿಡ್ಡಪ್ಪ ಟವೆಲನ್ನು ಮತ್ತೆ ಬಾಯಿಗೊತ್ತಿಕೊಂಡ. ಮಧ್ಯಾಹ್ನದವರೆಗೂ ಗನಿಸಾಬ ಬಿಸಿಲಲ್ಲಿ ಬಿದ್ದೇ ಇದ್ದ. ಜನ ಸುತ್ತಿ ಬಳಸಿ ಹೋಗಿದ್ದರು. ಯಾರೋ ಪುಣ್ಯಾತ್ಮರು ಅವನ ಚಪ್ಪಲಿಗಳನ್ನು ಜೋಡಿಸಿ ಪಕ್ಕಕ್ಕಿಟ್ಟಿದ್ದರು.

*

ಮೊದಲು ಕೆಟ್ಟದ್ದು ಹೊಲಿಗೆ. ಗೆರೆ ಕೊರೆದಂತೆ ಸಾಗುತ್ತಿದ್ದ ದಬ್ಬಣ ಗಾದಿಯ ಮೇಲೆ ದಾರಿ ತಪ್ಪಿ ಅಲೆಯತೊಡಗಿತು. ಆಮೇಲೆ ನಡಿಗೆ, ಆಮೇಲೆ ನಾಲಿಗೆ. ಐದು ಹೊತ್ತಿನ ನಮಾಜು ಬಿಡದ ಮನುಷ್ಯ ಮಸೀದಿಯ ಸಾಲಿನಲ್ಲಿ ಪಕ್ಕದವನ ಮೇಲೆ ವಾಲಿದ. ಅಂದು ಸಂಜೆ ತಾಜ್‌ಬೀಯೂ ಅವನನ್ನು ಹೊಸಿಲಲ್ಲಿ ತಡೆದು ಬಾಯಿ ಮೂಸಿದಳು. ಎಲೆಯಡಿಕೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಮರುದಿನದಿಂದ ಗನಿಸಾಬ ಮನೆಗೆ ಬಂದಾಗಲೆಲ್ಲ, ಚಪ್ಪಲಿ ಬಿಡುವ ಮೊದಲೇ, ಹೊಸಿಲಲ್ಲಿ ಬಾಯಿ ತೆರೆದು ನಿಲ್ಲುತ್ತಿದ್ದ. ಹೊಸ ಹಲ್ಲು ತೋರಿಸುವ ಮಗುವಿನ ಹಾಗೆ. “ಸಾಕು ಮಾಡ್ರೀ,” ಎಂದು ಅವಳು ಅತ್ತರೂ ಬಿಡಲಿಲ್ಲ.

ದಾವಣಗೆರೆಯಲ್ಲಿ ಡಾಕ್ಟರು ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಿಡಿಸಿ ಹೇಳಿದ್ದರು. “ರಕ್ತದಲ್ಲಿ ಬಿಳಿ ಕಣ ಅಂತ ಇರ್ತವೆ. ರೋಗ ಬಂದ್ರೆ ಹೊಡೆದಾಡೋ ಕಾವಲಿನವರು. ಇವರ ಮೈಯಲ್ಲಿ ಅವು ಮನೆಯವರನ್ನೇ ಗುರುತು ಹಿಡೀತಿಲ್ಲ. ಮಿದುಳಿಗೆ ನುಗ್ಗಿ ನರದ ಮೇಲಿನ ಹೊದಿಕೆ ಕಿತ್ತು ಹಾಕ್ತವೆ. ಅಲ್ಲೆಲ್ಲ ಉರಿಯೂತ. ಈ ಬಿಳಿ ಚುಕ್ಕೆಗಳು ಅದೇ.”

ಗನಿಸಾಬ ತೊದಲುತ್ತಲೇ ನಕ್ಕಿದ್ದ. “ಅಂದ್ರೆ ಒಳಗಿನ ಹತ್ತಿ ಚಲೋ ಐತೆ ಸಾರ್, ಗಲೀಫು ಹರಿದೈತೆ.”

“ಗಲೀಫು ಹರಿದ ಮೇಲೆ ಹತ್ತಿ ಎಷ್ಟು ದಿನ ಉಳಿಯುತ್ತೆ? ಔಷಧಿ ಬಿಡಬೇಡಿ. ಬಿಸಿಲಿಗೆ ಹೋಗಬೇಡಿ.”

ಗನಿಸಾಬನ ಅಣ್ಣ ದಸ್ತಗೀರಸಾಬ ಮಸೀದಿ ಕಮಿಟಿಯ ಹಿರಿಯ. ಇದನ್ನು ಕೇಳಿ ಗಡ್ಡ ನೀವಿಕೊಂಡ. “ತನ್ನ ರಕ್ತನೇ ತನ್ನ ತಲೆ ತಿನ್ನುತ್ತಾ? ಕುಡುಕರಿಗೆ ಡಾಕ್ಟ್ರು ಒಳ್ಳೆ ಹೆಸರು ಇಟ್ಟಾರೆ ಬಿಡು.”

ಅಂದಿನಿಂದ ಗನಿಸಾಬ ಮನೆಯಲ್ಲೇ, ಅರ್ಧ ಹೊಲಿದ ಗಾದಿಯ ಪಕ್ಕ ಚಾಪೆ ಹಾಸಿ, ನಮಾಜು ಮಾಡಿದ. ಮೇಲಿನವನಿಗೆ ಗೊತ್ತಿದ್ದರೆ ಸಾಕು ಎನ್ನುತ್ತಿದ್ದ. ತಾಜ್‌ಬೀಗೆ ಅಷ್ಟೇ ಸಾಕೆನಿಸಲಿಲ್ಲ. ಅವಳು ನೀರು ತರಬೇಕಾದದ್ದು ಊರಿನ ನಲ್ಲಿಯಿಂದ.

*

ಮೈಯತ್ ಮಲಗಿಸಿದ ಜನಾಜಾ ಅಂಗಳಕ್ಕೆ ಬಂತು. ತಾಜ್‌ಬೀ ಭಾವನನ್ನು ಬಾಗಿಲಿಗೆ ಕರೆಸಿದಳು.

“ಹೊರೋ ಮೊದ್ಲು ಒಂದು ಮಾತು ಹೇಳಿಬಿಡ್ರಿ ಭಾವ, ಅವರು ಕುಡೀತಿರ್ಲಿಲ್ಲ ಅಂತ. ನೀವು ಹೇಳಿದ್ರೆ ಊರು ನಂಬ್ತೈತೆ. ಆ ಹೆಸರು ಹೊತ್ಕಂಡು ಮಣ್ಣಿಗೆ ಹೋಗೋದು ಬ್ಯಾಡ.”

“ಹೇಳ್ತೀನಿ ಬಿಡಮ್ಮ. ನನ್ನ ತಮ್ಮ ಅಲ್ವಾ?” ದಸ್ತಗೀರಸಾಬನ ಕಣ್ಣು ಒದ್ದೆಯಾಗಿತ್ತು.

ಅವನು ಜನರತ್ತ ತಿರುಗಿದ. “ಜಮಾತಿನವರೇ, ನನ್ನ ತಮ್ಮ ಯಾರ ಮನಸ್ಸಾದ್ರೂ ನೋಯಿಸಿದ್ರೆ ನನ್ನ ಮಖ ನೋಡಿ ಮರೀರಿ. ಮನುಷ್ಯ ಅಂದ್ಮೇಲೆ ಒಂದು ಚಟ ಇರ್ತೈತೆ. ಅವನದು ಏನು ಅಂತ ನಾನು ಬಾಯಿ ಬಿಟ್ಟು ಹೇಳಲ್ಲ. ದೊಡ್ಡ ಮನಸ್ಸು ಮಾಡಿ ಮಾಫ್ ಮಾಡ್ರಿ.”

“ಮಾಫ್ ಮಾಡಿದ್ವಿ,” ಎಂದಿತು ಅಂಗಳವೆಲ್ಲ. ಗಿಡ್ಡಪ್ಪ ಕೈಮುಗಿದು ಎಲ್ಲರಿಗಿಂತ ಜೋರಾಗಿ ಅಂದ.

“ಏನಕ್ಕೆ ಮಾಫ್ ಮಾಡಿದ್ರಿ?” ತಾಜ್‌ಬೀ ಒಳಗಿನಿಂದ ಕೂಗಿದಳು. “ಯಾವ ತಪ್ಪಿಗೆ?”

“ಸಬರ್ ಮಾಡವ್ವ, ತಾಳ್ಕೋ,” ಎಂದು ಮಗಳು ರುಹೀನಾ ತೋಳು ಹಿಡಿದಳು. “ಜನ ಒಳ್ಳೇ ಮಾತೇ ಆಡಾಕೆ ಹತ್ಯಾರೆ.”

ಕೊನೆಯ ಸಲ ಮುಖ ನೋಡಲು ಹೆಂಗಸರನ್ನು ಕರೆದರು. ಮುಖದ ಮೇಲಿನ ಕಫನ್ ಬಟ್ಟೆ ಸರಿಸಿದಾಗ, ಗಾದಿಯ ಗಲೀಫಿನಿಂದ ತಾಜ್‌ಬೀಯೇ ಹರಿದು ಗದ್ದಕ್ಕೆ ಕಟ್ಟಿಸಿದ್ದ ಪಟ್ಟಿ ಸಡಿಲವಾಗಿತ್ತು. ಗನಿಸಾಬನ ಬಾಯಿ ತುಸು ತೆರೆದಿತ್ತು, ಸಂಜೆ ಹೊಸಿಲಲ್ಲಿ ತೆರೆಯುತ್ತಿದ್ದಷ್ಟೇ. ಅವಳು ಬಗ್ಗಿದಳು. ಕರ್ಪೂರದ ವಾಸನೆ, ಅದರಡಿ ಹೊಸ ಹತ್ತಿಯದು.

“ನೋಡ್ರಿ ಭಾವ, ನಿಮಗೇ ತೋರಿಸಾಕೆ ಹತ್ಯಾರೆ.”

“ಛೇ, ಹಿಂಗೆ ಬಿಡಬಾರ್ದು,” ಎಂದ ದಸ್ತಗೀರಸಾಬ ಪಟ್ಟಿಯ ಎರಡೂ ತುದಿ ಹಿಡಿದು ತಮ್ಮನ ಮುಖದ ಮೇಲೆ ಬಗ್ಗಿದ. ಗಂಟು ಬಿಗಿಯುವಷ್ಟು ಹೊತ್ತೂ ಉಸಿರು ಹಿಡಿದು, ಮೂಗನ್ನು ಆಚೆ ತಿರುಗಿಸಿಕೊಂಡೇ ಇದ್ದ.