ಐದನೆಯ ನಂಬರು

ನಮ್ಮ ಸಭೆಯಲ್ಲಿ ಪ್ರಾರ್ಥನೆಯ ಸರಪಳಿ ಅಂತ ಒಂದಿದೆ. ಯಾರಿಗಾದರೂ ಕಷ್ಟ ಬಂದರೆ ಪಾದ್ರಿಗಳು ಒಂದನೆಯವರಿಗೆ ಫೋನ್ ಮಾಡುತ್ತಾರೆ, ಅವರು ಎರಡನೆಯವರಿಗೆ, ಹೀಗೆ ಹನ್ನೊಂದು ಜನ. ಹನ್ನೊಂದನೆಯವರು ತಿರುಗಿ ಪಾದ್ರಿಗಳಿಗೆ ವರದಿ ಒಪ್ಪಿಸಬೇಕು. ನಿಯಮ ಎರಡೇ. ಮೊದಲು ಪ್ರಾರ್ಥನೆ, ಆಮೇಲೆ ಫೋನು. ಕೇಳಿದ್ದನ್ನು ಕೇಳಿದ ಹಾಗೇ ದಾಟಿಸಬೇಕು. ಈ ಎರಡನೆಯದು ಹುಟ್ಟಿದ್ದು ಒಬ್ಬ ಬಡಗಿಯ ಹಲ್ಲಿನಿಂದ. ಒಂದನೆಯವರ ಬಳಿ ಬರೀ ಹಲ್ಲುನೋವಾಗಿದ್ದದ್ದು ಹನ್ನೊಂದನೆಯವರನ್ನು ಮುಟ್ಟುವಷ್ಟರಲ್ಲಿ ದೊಡ್ಡ ಆಪರೇಷನ್ನಾಗಿ, ಮರುದಿನ ಅವನ ಮನೆಗೆ ಮೂರು ಬುಟ್ಟಿ ಸೇಬು ಬಂದಿತ್ತು. ಪಾಪ, ಕಚ್ಚಲಿಕ್ಕೆ ಹಲ್ಲಿರಲಿಲ್ಲ.

ಐದನೆಯ ನಂಬರು ನನ್ನ ಗಂಡ. ನಮ್ಮದು ಇಸ್ತ್ರಿ ಅಂಗಡಿ. ಫೋನ್ ಬಂದರೆ ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅರ್ಧ ನಿಮಿಷ ಕಣ್ಣು ಮುಚ್ಚಿ, ಆರನೆಯವರಿಗೆ ದಾಟಿಸಿ, ಅದೇ ಅಂಗಿಯ ಉಳಿದ ತೋಳಿಗೆ ಕೈ ಹಾಕುತ್ತಿದ್ದರು.

ಅವರೇ ಕಾಯಿಲೆ ಬಿದ್ದಾಗ ಸರಪಳಿ ಹತ್ತೊಂಬತ್ತು ದಿನ ಓಡಿತು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕೂತು ನಾನೇ ಅವರ ಫೋನೆತ್ತಿ, ಪ್ರಾರ್ಥಿಸಿ, ಮುಂದಕ್ಕೆ ಹೇಳುತ್ತಿದ್ದೆ. ಇಪ್ಪತ್ತನೆಯ ದಿನ ಅವರು ಹೋದರು. ಅದಾದ ಎರಡು ತಿಂಗಳಿಗೆ, ಹಾಸಿಗೆ ಹೊದಿಕೆಗಳನ್ನು ನಮಗೆ ಇಸ್ತ್ರಿಗೆ ಕೊಡುತ್ತಿದ್ದ ವಸತಿಗೃಹದವರು ಸ್ವಂತ ಯಂತ್ರ ತಂದುಕೊಂಡರು. ಮತ್ತೊಂದು ತಿಂಗಳಿಗೆ ಹಬೆ ತಗುಲಿ ನನ್ನ ಬಲ ಮಣಿಕಟ್ಟು ಬೆಂದಿತು. ಗಾಯದ ಮೇಲೆ ಬರೆ ಅನ್ನುವುದನ್ನು ಅಲ್ಲಿಯವರೆಗೆ ಬರೀ ಗಾದೆ ಅಂದುಕೊಂಡಿದ್ದೆ.

ದೇವರ ಜೊತೆ ಮಾತು ಬಿಟ್ಟೆ. ನಾದಿನಿಯ ಜೊತೆ ಬಿಡುತ್ತೇವಲ್ಲ, ಹಾಗೆ. ಮನೆಯಲ್ಲೇ ಇದ್ದಾರೆ ಅಂತ ಗೊತ್ತು, ಎದುರಿಗೆ ಬಂದರೆ ಮುಖ ಕೊಡುವುದಿಲ್ಲ. ಭಾನುವಾರವೂ ಅಂಗಡಿ ತೆರೆಯತೊಡಗಿದೆ.

ಆದರೆ ಪಟ್ಟಿಯಿಂದ ಸತ್ತವರ ನಂಬರು ಹೊಡೆದುಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ನಾಲ್ಕನೆಯವರು ಗಡಿಯಾರ ರಿಪೇರಿಯ ಮುದುಕರು, ಊರಿಗೆಲ್ಲ ಗಡಿಯಾರ ಮಾವ. ಅವರ ಬೆರಳು ಅಭ್ಯಾಸಬಲದಿಂದ ಅದೇ ನಂಬರು ಒತ್ತುತ್ತಿತ್ತು. ನಾನು ಎತ್ತಿದೊಡನೆ ಒಮ್ಮೆ ಕೆಮ್ಮಿ, ವಿಷಯ ಹೇಳಿ ಇಡುತ್ತಿದ್ದರು. ಪ್ರಾರ್ಥನೆಯ ಗೋಜಿಗೆ ಹೋಗದೆ ನಾನು ಆರನೆಯವರಿಗೆ ದಾಟಿಸುತ್ತಿದ್ದೆ. ಅಂಚೆಯವನು ಪ್ರತಿ ಕಾಗದಕ್ಕೂ ಅಳಬೇಕೆಂದೇನಿಲ್ಲವಲ್ಲ. ಆರನೆಯವರು ನಿವೃತ್ತ ಹೆಡ್‌ಮಿಸ್ಸು. ಹೋಂವರ್ಕ್ ಕೇಳುವ ದನಿಯಲ್ಲಿ ಪ್ರಾರ್ಥನೆ ಆಯಿತೇ ಎಂದು ಕೇಳುತ್ತಿದ್ದರು. ಆಯಿತು ಎಂದು ಸುಳ್ಳು ಹೇಳುತ್ತಿದ್ದೆ.

ಒಬ್ಬಳಿಗೆ ಎರಡು ಫೋನ್ ಯಾಕೆ, ಅಪ್ಪನದ್ದು ನಿಲ್ಲಿಸಿಬಿಡು ಎಂದಳು ಮಗಳು. ಸರಿಯಾದ ಮಾತೇ. ಮುಂದಿನ ಸಲ ಮಾವ ಫೋನ್ ಮಾಡಿದಾಗ, ಈ ನಂಬರು ತೆಗೆದುಬಿಡಿ, ನನ್ನನ್ನೂ ಬಿಟ್ಟುಬಿಡಿ ಎಂದು ಹೇಳುವುದೆಂದು ನಿಶ್ಚಯಿಸಿದೆ.

ಮಂಗಳವಾರ ಬೆಳಿಗ್ಗೆ ಬ್ಯಾಂಡಿನವರ ಕೆಂಪು ಕೋಟುಗಳ ಗುಂಡಿ ತಪ್ಪಿಸಿ ತಪ್ಪಿಸಿ ಇಸ್ತ್ರಿ ಮಾಡುತ್ತಿದ್ದೆ. ಫೋನ್ ಬಂತು. ಮಾವ ಕೆಮ್ಮಿ, ಓದಿ ಹೇಳುವವರಂತೆ ಶುರುಮಾಡಿದರು.

"ಇಸ್ತ್ರಿ ಅಂಗಡಿಯ ಸಹೋದರಿಗೋಸ್ಕರ. ಆಕೆ ನಂಬಿಕೆಯಿಂದ ಜಾರಿದ್ದಾಳೆ. ಕರ್ತನು ಆಕೆಯನ್ನ ತಿರುಗಿ ಕರ್ಕೊಂಡು ಬರ್ಲಿ."

ಅವರ ಅಂಗಡಿಯ ಗಡಿಯಾರಗಳೆಲ್ಲ ಟಿಕ್ ಟಿಕ್ ಅನ್ನುವುದು ನನಗೆ ಕೇಳಿಸುತ್ತಿತ್ತು.

"ಮಾವ, ಆ ಸಹೋದರಿ ನಾನೇ."

"ಈಗ ಹೊಳೀತಮ್ಮ."

"ಪಾದ್ರಿಗಳೂ ಸೇರಿ ಐದು ಜನದಲ್ಲಿ ಯಾರಿಗೂ ಹೊಳೀಲಿಲ್ವಾ?"

"ಐದನೆಯವನು ಅಂದ್ರೆ ಎಲ್ಲರ ತಲೇಲೂ ಇನ್ನೂ ಅವನೇ ಕಣಮ್ಮ. ನನ್ನ ತಲೇಲೂ." ಮತ್ತೆ ಕೆಮ್ಮಿದರು. "ನೀನು ಮನಸ್ಸಿಗೆ ಹಚ್ಕೋಬೇಡ. ನಿನ್ನ ದಾಟಿ ಆರನೆಯವರಿಗೆ ನಾನೇ ಹೇಳ್ಬಿಡ್ತೀನಿ."

ಸರಪಳಿಯಿಂದ ಬಿಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಹೂಂ ಅಂದರೆ ಮುಗಿಯಿತು. ಆದರೆ ಆ ಜಾರಿದ್ದಾಳೆ ಅನ್ನುವ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಜಾರುವುದಕ್ಕೆ ನಾನೇನು ಬಚ್ಚಲಿನ ಸೋಪೇ? ದಿನಕ್ಕೆ ಒಂಬತ್ತು ಗಂಟೆ ಇದೇ ಎರಡು ಕಾಲ ಮೇಲೆ ನಿಂತಿದ್ದೇನೆ.

"ಬೇಡ ಮಾವ. ನಾನೇ ದಾಟಿಸ್ತೀನಿ," ಎಂದೆ.

ಹಾಗಂದ ಮೇಲೆ ಮೊದಲನೆಯ ನಿಯಮ ಎದುರಿಗೆ ಬಂದು ನಿಂತಿತು. ಬೇರೆಯವರ ಸಂಕಟವನ್ನು ಹಾಗೆಯೇ ದಾಟಿಸಿದ್ದೆ, ಸರಿ. ನನ್ನದನ್ನೂ ಹಾಗೇ ದಾಟಿಸಲೇ? ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೆ. ವರ್ಷದ ಮೇಲೆ ಮಾತು ಬಿಟ್ಟವರು ಮತ್ತೆ ಶುರುಮಾಡುವುದು ಬೈಗುಳದಿಂದಲೇ. ಹತ್ತೊಂಬತ್ತು ದಿನ ಹನ್ನೊಂದು ಜನ ಕೂಗಿದೆವು, ನಿನ್ನ ಕಿವಿಗೇನಾಗಿತ್ತು ಎಂದು ಕೇಳಿದೆ. ಮಣಿಕಟ್ಟಿನ ವಿಷಯವನ್ನೂ ಬಿಡಲಿಲ್ಲ. ಪ್ಯಾಂಟು ಒಯ್ಯಲು ಬಂದ ಗಿರಾಕಿಯೊಬ್ಬರು ನನ್ನ ಮುಖ ನೋಡಿ, ಏನೂ ಕೇಳದೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಬೈದು ಬೈದು ಸುಸ್ತಾದ ಮೇಲೆ ಒಂದು ಸಂಗತಿ ತಿಳಿಯಿತು. ಇಲ್ಲದವರ ಮೇಲೆ ಯಾರೂ ಇಷ್ಟು ಕೋಪ ಮಾಡಿಕೊಳ್ಳುವುದಿಲ್ಲ. ಕೋಪ ಇಳಿಯುವ ತನಕ ನನ್ನ ಕೈ ಬಿಡಬೇಡ, ಇಳಿಯದಿದ್ದರೂ ಬಿಡಬೇಡ ಎಂದೆ. ಆಮೆನ್ ತಾನಾಗಿಯೇ ಬಂತು.

ಹೆಡ್‌ಮಿಸ್ಸಿಗೆ ಫೋನ್ ಮಾಡಿದೆ.

"ಇಸ್ತ್ರಿ ಅಂಗಡಿಯವಳಿಗೋಸ್ಕರ, ಮೇಡಂ. ಅವಳು ಎಲ್ಲೂ ಜಾರಿಲ್ಲ. ದೇವರ ಮೇಲೆ ಕೋಪ ಮಾಡ್ಕೊಂಡಿದ್ದಾಳೆ. ಕೋಪ ಇಟ್ಕೊಂಡೇ ಅವನ ಜೊತೆ ಇರೋಕೆ ಅವಳಿಗೆ ಶಕ್ತಿ ಬೇಕು."

ಪ್ರಾರ್ಥನೆ ಆಯಿತೇ ಎಂದರು. ಆಯಿತು ಎಂದೆ.

"ಇವತ್ತು ಆಗಿದೆ, ಗೊತ್ತಾಗುತ್ತೆ," ಎಂದರು. "ಇಡು. ನಾನು ಮಾಡಬೇಕು."

ಮಧ್ಯಾಹ್ನ ಪಾದ್ರಿಗಳೇ ಫೋನ್ ಮಾಡಿದರು. ಹನ್ನೊಂದನೆಯವರು ಒಪ್ಪಿಸಿದ್ದು ತಾವು ಕಳಿಸಿದ ಮಾತೇ ಅಲ್ಲವೆಂದೂ, ಆದರೆ ಬದಲಾದದ್ದೇ ಚೆನ್ನಾಗಿದೆಯೆಂದೂ, ತಮ್ಮ ಮಾತಿಗೆ ಕ್ಷಮಿಸಬೇಕೆಂದೂ ಹೇಳಿದರು. ಭಾನುವಾರ ಬರುತ್ತೀರಾ ಎಂದು ಮೆಲ್ಲಗೆ ಕೇಳಿದರು. ನೋಡೋಣ ಎಂದೆ.

ಹೋದೆ. ಇಪ್ಪತ್ತು ನಿಮಿಷ ತಡವಾಗಿ ಹೋಗಿ, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಮೊದಲನೆಯ ಹಾಡಿಗೆ ಬಾಯಿ ಬಿಡಲಿಲ್ಲ. ಎರಡನೆಯದಕ್ಕೆ ಪಕ್ಕದ ಹೆಂಗಸು ಎಂಥ ಅಪಸ್ವರ ಎಳೆದರೆಂದರೆ, ಯಾರಾದರೂ ಸರಿಯಾಗಿ ಹಾಡಲೇಬೇಕಿತ್ತು.