ಓರಗಿತ್ತಿ ಕೊಟ್ಟ ಮದ್ದು

ಬಸ್ಸು ಓಡಿಸುವವರಿಗೆ ಕಣ್ಣು, ಕೈ, ಕಾಲು ಗಟ್ಟಿಯಿದ್ದರೆ ಸಾಕು ಎಂದು ಜನ ತಿಳಿದಿರುತ್ತಾರೆ. ಹೊಟ್ಟೆಯೂ ಗಟ್ಟಿಯಿರಬೇಕು ಎಂಬುದು ಆ ಡ್ರೈವರಮ್ಮನಿಗೆ ಗೊತ್ತಾದದ್ದು ನಡುರಸ್ತೆಯಲ್ಲಿ.

ಬೆಳಗಿನ ಟ್ರಿಪ್ಪು, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಿಗ್ನಲ್ ದಾಟಿ ಇನ್ನೇನು ಸೇತುವೆ ಹತ್ತಬೇಕು, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಪೆಟ್ರೋಲ್ ಬಂಕಿನ ಪಕ್ಕಕ್ಕೆ ಬಸ್ಸು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, "ಬಂದೆ ಇರಿ" ಎಂದು ಕಂಡಕ್ಟರನಿಗೆ ಹೇಳಿದವಳೇ ಓಡಿದಳು. ತಿರುಗಿ ಬಂದಾಗ ಅರ್ಧ ಬಸ್ಸು ಖಾಲಿಯಾಗಿತ್ತು. ಉಳಿದವರು ಅವಳ ಮುಖ ನೋಡಿ, ಬಾಯಿಗೆ ಬಂದ ಬೈಗುಳ ನುಂಗಿಕೊಂಡರು.

ಇದೆಲ್ಲ ಶುರುವಾದದ್ದು ಒಂದು ದವಡೆ ಹಲ್ಲಿನಿಂದ. ಹಲ್ಲು ಕೀವು ಕಟ್ಟಿ, ಮುಖ ಊದಿ, ಕೀಳಿಸಿದ ಮೇಲೂ ಬಾವು ಇಳಿಯದೆ, ಒಂದಾದ ಮೇಲೊಂದು ಬಗೆಯ ಆಂಟಿಬಯಾಟಿಕ್ ನುಂಗಿದ್ದಳು. ಹಲ್ಲಿನ ಕಾಟ ಹೋಯಿತು, ಹೊಟ್ಟೆಯ ಕಾಟ ಹಿಡಿಯಿತು. ಕರುಳಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಒಂದು ಬೀಡುಬಿಟ್ಟಿದೆ ಎಂದರು ಹತ್ತಿರದ ಡಾಕ್ಟರು. ಅದಕ್ಕೂ ಮಾತ್ರೆ ಕೊಟ್ಟರು. ಮಾತ್ರೆ ಇರುವಷ್ಟು ದಿನ ವಾಸಿ, ಮುಗಿದ ಮೇಲೆ ಅದೇ ರಾಗ ಅದೇ ಹಾಡು. ಡಿಪೋ ಮ್ಯಾನೇಜರು ಅವಳನ್ನು ಸ್ಟಿಯರಿಂಗಿನಿಂದ ಎಬ್ಬಿಸಿ, ಪಾಸು ಕೊಡುವ ಕಿಟಕಿಯ ಹಿಂದೆ ಕೂರಿಸಿದರು. ಕೂತಲ್ಲಿಂದಲೇ ತನ್ನ ಬಸ್ಸು ಬೇರೆಯವರ ಕೈಯಲ್ಲಿ ಗೇಟು ದಾಟುವುದನ್ನು ನೋಡುವಳು. ಯೂನಿಫಾರ್ಮು ಮೈಮೇಲೆ ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು.

ಕೊನೆಗೆ ಗಂಡ ಅವಳನ್ನು ದೊಡ್ಡಾಸ್ಪತ್ರೆಯ ಹೊಟ್ಟೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅರ್ಧ ತಲೆ ನರೆತ, ಮೆಲುದನಿಯ ಹೆಂಗಸು. ಹಳೆಯ ಚೀಟಿಗಳನ್ನೆಲ್ಲ ಓದಿ ಮುಗಿಸಿ ಹೇಳಿದರು:

"ನೋಡಮ್ಮ, ನಮ್ಮ ಕರುಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಇರ್ತವೆ. ಹೆಚ್ಚಿನವು ಮನೆಮಂದಿ ಇದ್ದಂಗೆ. ಇರೋ ಜಾಗಾನೆಲ್ಲ ತುಂಬ್ಕೊಂಡು ಕಳ್ಳರಿಗೆ ಕೂರೋಕೆ ಬಿಡಲ್ಲ. ಮೈಯೊಳಗೆ ರೋಗದ ಜತೆ ಹೊಡೆದಾಡೋ ಕಾವಲುಗಾರರು ಇರ್ತಾರಲ್ಲ, ಅವರನ್ನ ಪಳಗಿಸೋದ್ರಲ್ಲೂ ಇವುಗಳ ಕೈ ಇದೆ. ಯಾರ ಮೇಲೆ ಬೀಳಬೇಕು, ಯಾರನ್ನ ಸುಮ್ನೆ ಬಿಡಬೇಕು ಅಂತ. ಮಾತ್ರೆ ಕಳ್ಳರ ಜತೆ ಮನೆಮಂದೀನೂ ಓಡಿಸಿಬಿಟ್ಟಿದೆ. ಖಾಲಿ ಮನೆಗೆ ಕಳ್ಳ ಮತ್ತೆ ಮತ್ತೆ ಬರ್ತಾನೆ."

"ಹಂಗಾದ್ರೆ ಹಲ್ಲಿನ ಡಾಕ್ಟರು ತಪ್ಪು ಮಾಡಿದ್ರಾ?" ಎಂದಳು ಡ್ರೈವರಮ್ಮ.

"ಇಲ್ಲಮ್ಮ. ಆ ಕೀವು ಏರಿದ್ದಿದ್ರೆ ಜೀವಕ್ಕೇ ಬರ್ತಿತ್ತು. ಮಾತ್ರೆ ನಿಮ್ಮನ್ನ ಉಳಿಸಿದೆ. ಈಗ ಹೋದ ಮನೆಮಂದೀನ ವಾಪಸ್ ಕರ್ಕೊಂಡು ಬರಬೇಕು."

"ಎಲ್ಲಿಂದ?"

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಆರೋಗ್ಯವಾಗಿರೋ ಇನ್ನೊಬ್ಬರಿಂದ. ಅವರ ಮಲಾನ ಪರೀಕ್ಷೆ ಮಾಡಿ, ಉಪ್ಪುನೀರಲ್ಲಿ ಕದಡಿ, ಸೋಸಿ, ನಳಿಕೆಯಲ್ಲಿ ನಿಮ್ಮ ಕರುಳಿಗೆ ಬಿಡ್ತೀವಿ. ಬಹಳ ಜನಕ್ಕೆ ವಾಸಿಯಾಗಿದೆ."

ಡ್ರೈವರಮ್ಮ ಗಂಡನ ಮುಖ ನೋಡಿದಳು. ಸ್ಟಿಯರಿಂಗನ್ನು ದಿನವೂ ಮನೆಯಿಂದ ತಂದ ಬಟ್ಟೆಯಿಂದ ಒರೆಸಿ ಕೂರುತ್ತಿದ್ದ ಹೆಂಗಸು ಅವಳು. ಗಂಡ, ಪಾಪ, "ನನ್ನದೇ ತಗೊಳ್ಳಿ" ಎಂದ. ಆದರೆ ಅವನು ಹೋದ ತಿಂಗಳಷ್ಟೇ ಕೆಮ್ಮಿಗೆ ಆಂಟಿಬಯಾಟಿಕ್ ತಿಂದಿದ್ದ. ಮಗಳಿನ್ನೂ ಚಿಕ್ಕವಳು.

"ಮನೇಲಿ ಕಾಯಿಲೆ ಕಸಾಲೆ ಅಂತ ಮಲಗದೇ ಇರೋರು ಯಾರಾದ್ರೂ ಇದ್ದಾರಾ?" ಎಂದರು ಡಾಕ್ಟರು.

ಇದ್ದಳು. ಮೈದುನನ ಹೆಂಡತಿ. ಊರಂಚಿನಲ್ಲಿ ಸಸಿಗಳ ನರ್ಸರಿ ಇಟ್ಟುಕೊಂಡವಳು. ಉಗುರಿನಲ್ಲಿ ಸದಾ ಮಣ್ಣು, ಸೆರಗಿನಲ್ಲಿ ಗೊಬ್ಬರದ ವಾಸನೆ, ಬಳ್ಳಿಯಿಂದ ಟೊಮ್ಯಾಟೊ ಕಿತ್ತು ಸೊಂಟಕ್ಕೆ ಒರೆಸಿಕೊಂಡು ಅಲ್ಲೇ ಬಾಯಿಗೆ ಹಾಕಿಕೊಳ್ಳುವವಳು. ಕಲ್ಲು ತಿಂದರೂ ಅರಗುವ ಹೊಟ್ಟೆ. ಓರಗಿತ್ತಿಯರಿಬ್ಬರೂ ಎಣ್ಣೆ ಸೀಗೆಕಾಯಿ. ಜಗಳವೇನೂ ಇಲ್ಲ, ಮಾತೇ ಇಲ್ಲದ ಮೇಲೆ ಜಗಳವೆಲ್ಲಿಂದ? ಡ್ರೈವರಮ್ಮ ಅವಳ ಮನೆಗೆ ಹೋದರೆ ನೀರಿನ ಬಾಟಲಿಯನ್ನೂ ಚೀಲದಲ್ಲಿ ಒಯ್ಯುತ್ತಿದ್ದಳು. ಬೆನ್ನ ಹಿಂದೆ ಅವಳಿಗೆ 'ಎರೆಹುಳ' ಎಂದು ಹೆಸರಿಟ್ಟಿದ್ದಳು.

ಗಂಡ "ನಾನು ಹೋಗಿ ಕೇಳ್ತೀನಿ" ಎಂದ. "ಬೇಡ, ನನ್ನ ಹೊಟ್ಟೆ, ನಾನೇ ಕೇಳಬೇಕು" ಎಂದು ಅವಳೇ ಹೊರಟಳು.

ಹಸಿರು ಬಲೆಯ ಚಪ್ಪರದಡಿ ಓರಗಿತ್ತಿ ಕಪ್ಪು ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. "ಅಕ್ಕಾ! ಏನಪರೂಪ? ಎಷ್ಟು ಇಳಿದುಹೋಗಿದೀರಿ!" ಎಂದು ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂರಿಸಿದಳು. ಡ್ರೈವರಮ್ಮ ಹವೆಯ ಮಾತಾಡಿದಳು, ಸಸಿಗಳ ಮಾತಾಡಿದಳು, ಸುತ್ತಿ ಬಳಸಿ ಕೊನೆಗೆ ನೆಲ ನೋಡುತ್ತ ವಿಷಯ ಹೇಳಿದಳು.

ಓರಗಿತ್ತಿ ಮಣ್ಣಿನ ಚೀಲ ಕೆಳಗಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಲೋಟ ನೀರು ಕುಡೀಲಿಲ್ಲ. ಕೇಳಿ ಕೇಳಿ ಕೊನೆಗೆ ಕೇಳಿದ್ದು ಇದನ್ನಾ ಅಕ್ಕಾ!"

ಡ್ರೈವರಮ್ಮನೂ ನಗಲು ಹೋದಳು, ಅಳು ಬಂತು. ಓರಗಿತ್ತಿಯ ನಗು ನಿಂತಿತು. ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳ ಮೊಣಕಾಲ ಮೇಲಿಟ್ಟಳು.

"ಎರೆಹುಳ ಅಂತೀರಂತಲ್ಲ, ಗೊತ್ತು ನಂಗೆ. ನಮ್ಮ ಕಸುಬಲ್ಲಿ ಅದು ಬೈಗುಳ ಅಲ್ಲ ಬಿಡಿ. ಯಾವತ್ತು ಬರಬೇಕು ಹೇಳಿ, ಬರ್ತೀನಿ. ಆದ್ರೆ ನಾಳೆ ಊರ ತುಂಬ 'ನನ್ನ ಓರಗಿತ್ತಿ ನಂಗೆ ಮದ್ದು ಹಾಕಿದ್ಲು' ಅಂತ ಮಾತ್ರ ಹೇಳ್ಕೊಂಡು ತಿರುಗಬೇಡಿ!"

ಮಾತು ಕೊಟ್ಟಷ್ಟು ಸಲೀಸಾಗಿರಲಿಲ್ಲ ಕೆಲಸ. ಸಸಿ ಮಾರುವ ಭರದ ದಿನಗಳಲ್ಲೇ ಅವಳು ಅಂಗಡಿ ಮುಚ್ಚಿ ಆಸ್ಪತ್ರೆಗೆ ಅಲೆದಳು. ರಕ್ತ ಕೊಟ್ಟಳು, ಅವರು ಕೇಳಿದ್ದೆಲ್ಲ ಕೊಟ್ಟಳು. ಎಲ್ಲ ಪರೀಕ್ಷೆಯಲ್ಲೂ ಪಾಸು. "ಮಣ್ಣಲ್ಲಿ ಕೆಲಸ ಮಾಡೋದ್ರಿಂದ್ಲೇ ಅಲ್ವಾ ಡಾಕ್ಟ್ರೇ?" ಎಂದು ಬೀಗಿದಳು. "ಅದೂ ಇರಬಹುದು, ಹುಟ್ಟಿನಿಂದ ಬಂದ ಅದೃಷ್ಟವೂ ಇರಬಹುದು. ಕೈ ತೊಳೆಯೋದು ಮಾತ್ರ ಇಬ್ರೂ ಬಿಡಬೇಡಿ" ಎಂದರು ಡಾಕ್ಟರು.

ಆ ದಿನ ಬೆಳಿಗ್ಗೆ, ಆಸ್ಪತ್ರೆಯವರು ಕೊಟ್ಟ ಬಿಗಿ ಮುಚ್ಚಳದ ಡಬ್ಬಿಯನ್ನು ಚೀಲದಲ್ಲಿಟ್ಟು, ತೊಡೆಯ ಮೇಲೆ ಹಿಡಿದುಕೊಂಡು, ಅವಳು ಬಸ್ಸಿನಲ್ಲೇ ಬಂದಳು. ಪಕ್ಕದವರು "ಯಾರಿಗೆ ಊಟ?" ಎಂದರಂತೆ. "ನಮ್ಮಕ್ಕನಿಗೆ" ಎಂದಳಂತೆ. ಹಾಸಿಗೆಯಲ್ಲಿ ಮಲಗಿ ಕಾಯುತ್ತಿದ್ದ ಡ್ರೈವರಮ್ಮ ಇದನ್ನು ಕೇಳಿ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ನರ್ಸು ಮಂಪರಿನ ಸೂಜಿ ಚುಚ್ಚಿದಾಗಲೂ ತುಟಿಯ ಮೇಲೆ ಆ ನಗು ಉಳಿದಿತ್ತು.

ಕೆಲವು ದಿನ ಕಳೆದವು. ಒಂದು ಮುಂಜಾನೆ ಅವಳು ಕಕ್ಕಸಿನಿಂದ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಬಿಕ್ಕಿದಳು. ಗಂಡ ಗಾಬರಿಯಾಗಿ ಓಡಿಬಂದ. "ಏನಾಯ್ತೇ?"

"ಏನೂ ಆಗ್ಲಿಲ್ಲ ಕಣ್ರೀ. ಎಲ್ಲಾರ ಹಂಗೇ... ಏನೂ ಆಗ್ಲಿಲ್ಲ!"

ಏನೂ ಆಗದಿರುವುದು ಎಷ್ಟು ದೊಡ್ಡದು ಎಂದು ಅವಳಿಗೆ ಅಂದು ತಿಳಿಯಿತು. ಅನ್ನ ರುಚಿಸಿತು. ಕೆನ್ನೆ ತುಂಬಿತು. ಕಾಣದ ಆ ಕೋಟಿ ಜೀವಗಳು ಬೇರೊಬ್ಬಳ ಮನೆಯಿಂದ ಬಂದು, ತನ್ನ ಮನೆಯನ್ನು ತಮ್ಮದೆಂದುಕೊಂಡು ಬಾಗಿಲು ಕಾಯುತ್ತಿವೆ ಎಂದು ನೆನೆದಾಗಲೆಲ್ಲ ಅಂಗೈ ತಾನೇ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಇದಕ್ಕೆ ಬದಲಾಗಿ ಏನು ಕೊಡುವುದು? ಅಂಗಡಿ ಅಂಗಡಿ ತಿರುಗಿದಳು, ಯಾವುದೂ ಸರಿಯೆನಿಸಲಿಲ್ಲ.

ಮತ್ತೆ ಸ್ಟಿಯರಿಂಗ್ ಹಿಡಿದ ವಾರದಲ್ಲೇ ಓರಗಿತ್ತಿ ಅವಳ ಬಸ್ಸು ಹತ್ತಿದಳು, ಕೈಯಲ್ಲಿ ಹೂಸಸಿಗಳ ಎರಡು ತಟ್ಟೆ. ಡ್ರೈವರಮ್ಮ ಅವಳನ್ನು ಮುಂದಿನ ಸೀಟಿಗೆ ಕರೆದು ಕೂರಿಸಿದಳು.

"ಯಾರು ಮೇಡಂ, ನಿಮ್ಮ ತಂಗೀನಾ?" ಎಂದ ಕಂಡಕ್ಟರ್.

"ಹೂಂ. ಇಬ್ಬರದೂ ಒಂದೇ ಹೊಟ್ಟೆ" ಎಂದಳು ಡ್ರೈವರಮ್ಮ. ಓರಗಿತ್ತಿ ಸಸಿಗಳ ಮೇಲೆ ಬಗ್ಗಿ ಕಿಸಕ್ಕನೆ ನಕ್ಕಳು. ಕಂಡಕ್ಟರನಿಗೆ ನಗುವಂಥದ್ದೇನಿದೆ ಎಂದು ತಿಳಿಯಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಜನ ಇಳಿದ ಮೇಲೆ ಡ್ರೈವರಮ್ಮ ತಿರುಗಿ ಕೂತಳು. "ನಿನ್ನ ಋಣ ಹೆಂಗೆ ತೀರಿಸ್ಲೇ?"

"ತೀರಿಸೋದೇನು ಬಂತು ಅಕ್ಕಾ. ಈ ಮನೆಗೆ ಸೊಸೆಯಾಗಿ ಬಂದಾಗಿಂದ ನನ್ನ ಹತ್ರ ಇಂಥದ್ದು ಬೇಕು ಅಂತ ಯಾರೂ ಬಂದಿರ್ಲಿಲ್ಲ. ನೀವು ಬಂದ್ರಿ."

ಡ್ರೈವರಮ್ಮ ಇಂಜಿನ್ ಆರಿಸಿದಳು. ಎದ್ದು ಬಂದು ಒಂದು ತಟ್ಟೆ ತಾನು ಎತ್ತಿಕೊಂಡಳು. ಒದ್ದೆ ಮಣ್ಣು ಯೂನಿಫಾರ್ಮಿನ ತೋಳಿಗೆ ಅಂಟಿತು. ಇಬ್ಬರೂ ಸಸಿಗಳನ್ನು ಇಳಿಸಿ ಮರದ ನೆರಳಿನಲ್ಲಿಟ್ಟರು. ಆ ಹೊತ್ತಿಗೆ ಮುಂದಿನ ಟ್ರಿಪ್ಪಿನ ಜನ ಹತ್ತತೊಡಗಿದ್ದರು.